ಅರ್ಧ ಉಜ್ಜಿದ ಗಾಜು

ಪಾಚಿ ಎಂಬುದು ನಮ್ಮ ಪುತ್ತೂರಿನವರು ಆಸೆಪಟ್ಟು ತರುವ ವಸ್ತುವಲ್ಲ. ಮಳೆಗಾಲ ಹಿಡಿದರೆ ಸಾಕು, ಅಂಗಳ, ಕಂಪೌಂಡು ಗೋಡೆ, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಎಲ್ಲ ಕಡೆಯೂ ಕರೆಯದೇ ಬಂದು ಕೂರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವುದು, ಆದರೂ ಯಾರಾದರೊಬ್ಬರು ಜಾರಿ ಬಿದ್ದು ಸೊಂಟ ಹಿಡಿದುಕೊಳ್ಳುವುದು ಇಲ್ಲಿ ನಡೆದು ಬಂದ ಕ್ರಮ. ಇಂಥ ಊರಿನಲ್ಲಿ ಚಾವಡಿಯ ನಡುವೆ ಗಾಜಿನ ಟ್ಯಾಂಕು ಇಟ್ಟು, ಉಪ್ಪುನೀರು ತುಂಬಿಸಿ, ಮೇಲಿಂದ ನೀಲಿ ಲೈಟು ಬಿಟ್ಟು ಪಾಚಿಯನ್ನು ನೆಂಟರಂತೆ ಸಾಕಿದ ಮನೆ ನಮ್ಮದೊಂದೇ ಇರಬೇಕು.

ಇದಕ್ಕೆ ಕಾರಣ ನಮ್ಮ ಯಜಮಾನರು, ಹಮೀದ್. ಅವರಿಗೆ ದುಬೈಯ ದೊಡ್ಡ ಹೋಟೆಲುಗಳಲ್ಲಿ ಮೀನಿನ ಟ್ಯಾಂಕು ನೋಡಿಕೊಳ್ಳುವ ಕೆಲಸ. ನಾನು ಇಲ್ಲಿ ನರಿಮೊಗರಿನ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಷ್ಟು ವರ್ಷ ಅವರು ಅಲ್ಲಿ ಮೀನುಗಳಿಗೆ ಊಟ ಹಾಕುತ್ತಿದ್ದರು. ಇನ್ನು ಹೋಗುವುದಿಲ್ಲವೆಂದು ಬಂದವರು ಸೂಟ್‌ಕೇಸ್ ಬಿಚ್ಚಿ ಮೊದಲು ತೆಗೆದದ್ದು ಟ್ಯಾಂಕಿನ ಪಂಪು. "ಮಂಗಳೂರಲ್ಲಿ ಸಮುದ್ರ ಉಂಟಲ್ಲ ಮಾರಾಯ್ರೆ, ಮನೆಗೆ ಯಾಕೆ ತರುದು?" ಎಂದೆ. "ಅದರಲ್ಲಿ ಎಂತ ಕಾಣ್ತದೆ? ಬರೀ ನೀರು. ನಾನು ಅಷ್ಟು ವರ್ಷ ನೋಡಿದ್ದನ್ನು ನೀನೂ ಒಮ್ಮೆ ನೋಡಬೇಡ್ವಾ?" ಎಂದರು. ಹೀಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ನಾಲ್ಕಾರು ಶಂಖದ ಹುಳು, ಯಾರೋ ಸಾಕಿ ಬೆಳೆಸಿದ, ಅಂಗಿಯ ಗುಂಡಿಯಷ್ಟೇ ದೊಡ್ಡ ಹವಳದ ಚೂರು ನಮ್ಮ ಮನೆ ಸೇರಿದವು.

ಕೆಲವೇ ವಾರಗಳಲ್ಲಿ ಕಲ್ಲಿನ ಮೇಲೆ ಕಂದು ಧೂಳು ಬಂತು, ಹಿಂದೆಯೇ ಹಸಿರು ಕೂದಲು. ನಾನು ಗಾಬರಿಯಾದರೆ ಅವರಿಗೆ ನಗು. "ಹೊಸ ಟ್ಯಾಂಕಿಗೆ ಪಾಚಿ ಬಂದೇ ಬರ್ತದೆ. ಊಟ ಕಮ್ಮಿ, ಲೈಟು ಕಮ್ಮಿ, ತಾಳ್ಮೆ ಜಾಸ್ತಿ. ಅಷ್ಟೇ ಮದ್ದು." ನೀವು ದುಬೈಯಲ್ಲಿದ್ದಾಗ ನಾನು ಇಲ್ಲಿ ಅದೇ ಮದ್ದು ಕುಡಿದವಳು ಎಂದು ನಾನೂ ಚುಚ್ಚಿದೆ. ದಂಪತಿ ಒಟ್ಟಿಗೆ ಬಾಳಿದ್ದು ಕಡಿಮೆಯಾದರೆ ಜಗಳಕ್ಕೂ ವಿಷಯ ಹುಡುಕಬೇಕಾಗುತ್ತದೆ. ನಮಗೆ ಆ ಮಟ್ಟಿಗೆ ಪಾಚಿಯಿಂದ ಉಪಕಾರವಾಯಿತು.

ಒಂದು ಬೆಳಿಗ್ಗೆ ಅವರು ಟ್ಯಾಂಕಿನ ಮುಂದಿನ ಗಾಜು ಉಜ್ಜುತ್ತಿದ್ದರು. ಅರ್ಧ ಆಗುವಾಗ ಸುಳ್ಯದಲ್ಲಿ ಸ್ನೇಹಿತರ ಮಗಳ ನಿಕಾಹ್ ಇರುವುದು ನೆನಪಾಯಿತು. "ಉಳಿದರ್ಧ ಬಂದು ಉಜ್ಜುತ್ತೇನೆ, ನೀನು ಕೈ ಹಾಕುದು ಬೇಡ" ಎಂದು ಬಸ್ಸಿಗೆ ಓಡಿದರು. ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಸಂಜೆ ಅವರು ಬರಲಿಲ್ಲ, ಅವರನ್ನು ತಂದರು.

ಗಂಡ ತೀರಿದ ಹೆಂಗಸು ಕೆಲವು ತಿಂಗಳು ಮನೆಯೊಳಗೇ ಇರಬೇಕಾದ ಇದ್ದತ್ ನಮ್ಮಲ್ಲಿ ಉಂಟು. ನಾನು ಕೂತೆ, ಎದುರಿಗೆ ಟ್ಯಾಂಕು. ಮಾತಾಡಿಸಲು ಬಂದ ಹೆಂಗಸರೆಲ್ಲ ಮೊದಲು ನನ್ನ ಕೈ ಹಿಡಿದು ಅಳುತ್ತಿದ್ದರು, ಆಮೇಲೆ ಕಣ್ಣೊರೆಸಿಕೊಂಡು ಮೀನು ನೋಡುತ್ತಿದ್ದರು. ಕಡಬದಿಂದ ಬಂದ ಐಸಮ್ಮ ಚಿಕ್ಕಮ್ಮ, "ಪಾಪ ಮಗಳೇ, ಇವೂ ಯತೀಮ್ ಆದುವಲ್ಲ. ತಬ್ಬಲಿಗಳಿಗೆ ಊಟ ಹಾಕಿದ್ರೆ ಪುಣ್ಯ ಉಂಟು" ಎಂದು ಡಬ್ಬಿಯಿಂದ ಒಂದು ಚಿಟಿಕೆ ಹಾಕಿದರು. ಅವರು ಹಾಕಿದ್ದನ್ನು ನೋಡಿ ನಂತರ ಬಂದವರೂ ಹಾಕಿದರು. ಮರಣದ ಮನೆಗೆ ಬಂದವರ ಕೈ ಹಿಡಿದು, ಪುಣ್ಯ ಸಾಕು ಎನ್ನುವುದು ಹೇಗೆ? ಮೀನು ಬಿಟ್ಟದ್ದೆಲ್ಲ ಕೊಳೆತು ಪಾಚಿಗೆ ಗೊಬ್ಬರವಾಯಿತು. ಊರಿನ ಸಾಂತ್ವನವೆಲ್ಲ ನನ್ನೆದುರು ಹಸಿರಾಗಿ ಬೆಳೆಯುತ್ತಿತ್ತು.

ಆದರೆ ನನ್ನ ಸಂಕಟ ಬೇರೆ. ಅವರು ಉಜ್ಜಿದ ಅರ್ಧಕ್ಕೂ ಬಿಟ್ಟ ಅರ್ಧಕ್ಕೂ ನಡುವೆ ಒಂದು ಗೆರೆ ಇತ್ತಲ್ಲ, ಅದು ಅವರ ಕೈ ನಿಂತ ಜಾಗ. ಪಾಚಿ ಆ ಗೆರೆ ದಾಟಿ ಬರತೊಡಗಿತು. ಅದು ಅಳಿಸಿಹೋದರೆ ಅವರು ಇನ್ನೊಮ್ಮೆ ಹೋದಂತೆ ಎಂದು ನನಗೆ ಹೆದರಿಕೆ. ಕೈ ಹಾಕಬೇಡ ಎಂದಿದ್ದರೂ ಕೈ ಹಾಕಿದೆ. ದಿನಾ ಬೆಳಿಗ್ಗೆ ಅವರು ಉಜ್ಜಿದಷ್ಟನ್ನೇ ಉಜ್ಜಿ, ಬಿಟ್ಟದ್ದನ್ನು ಹಾಗೇ ಬಿಡುತ್ತಿದ್ದೆ. ನೆರೆಮನೆಯ ಸುಮತಿಯಕ್ಕ ಕೇಳಿಯೇ ಬಿಟ್ಟರು, "ಎಂತ ಟೀಚರೇ, ಅರ್ಧ ತೊಳೆದು ಅರ್ಧ ಬಿಡುದು? ಸೋಪು ಮುಗಿದಿದೆಯಾ?" ಮಕ್ಕಳು ಅರ್ಧ ಬರೆದ ಹೋಮ್‌ವರ್ಕು ತಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು.

ಆಮೇಲೆ ಕಡಬದಲ್ಲಿ ಕೃಷಿ ಮಾಡಿಕೊಂಡಿರುವ ನನ್ನ ಅಣ್ಣ ಅಶ್ರಫ್ ಬಂದ. ಪಾಚಿ ಕಂಡು ಅವನ ಕೈ ತುರಿಸಿತು. "ಝೊಹರಾ, ಅಡಿಕೆಗೆ ಹೊಡೆಯುವ ಮೈಲುತುತ್ತು ಒಂದು ಚಿಟಿಕೆ ಹಾಕುವ. ನಾಳೆಗೆ ಪಾಚಿಯ ಹೆಸರೂ ಇರುದಿಲ್ಲ." ಅದರಲ್ಲಿರುವ ತಾಮ್ರಕ್ಕೆ ಹವಳ, ಶಂಖದ ಹುಳು ಎಲ್ಲ ಸಾಯುತ್ತವೆ ಎಂದು ಯಜಮಾನರು ಹೇಳಿದ್ದು ನೆನಪಿತ್ತು. ಬೇಡವೇ ಬೇಡ ಎಂದು ಆಣೆ ಹಾಕಿಸಿದೆ. ಹವಳ ಉಳಿಯಿತೆಂಬ ಸಮಾಧಾನದಲ್ಲಿ ಒಳಗೆ ನಮಾಜಿಗೆ ನಿಂತೆ. ಹೊರಗೆ ಬಂದಾಗ ಅಣ್ಣ ಅಂಗಿಯ ತೋಳು ಮಡಚಿ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಗಾಜು ಪೂರ್ತಿ ಥಳಥಳ. "ಮದ್ದು ಹಾಕ್ಲಿಲ್ಲ, ನೋಡು. ಕೈಯಲ್ಲೇ ಉಜ್ಜಿದೆ. ನಿನ್ನಿಂದ ಆಗ್ತಿರ್ಲಿಲ್ಲ ಅಲ್ವಾ, ಅರ್ಧಕ್ಕೇ ಸುಸ್ತಾಗ್ತಿದ್ದಿ."

ಗೆರೆ ಇರಲಿಲ್ಲ. ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ. ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಅಣ್ಣ ಗಾಬರಿಯಾಗಿ ನೀರು ತಂದುಕೊಟ್ಟ. ತನ್ನ ಉಪಕಾರಕ್ಕೆ ತಂಗಿಯ ಮನಸ್ಸು ತುಂಬಿ ಬಂತೆಂದು ತಿಳಿದ. ಕಡಬದಲ್ಲಿ ಈಗಲೂ ಹಾಗೇ ಹೇಳುತ್ತಿದ್ದಾನೆ. ಅವನ ಪ್ರೀತಿಯಲ್ಲಿ ಸುಳ್ಳಿಲ್ಲ, ನಾನು ತಿದ್ದಲು ಹೋಗಿಲ್ಲ.

ಇದ್ದತ್ ಮುಗಿದಿದೆ. ಮೀನಿನ ಊಟದ ಡಬ್ಬಿ ಈಗ ನನ್ನ ಕಪಾಟಿನಲ್ಲಿ, ಬೀಗದೊಳಗೆ. ಆದರೂ ಪಾಚಿ ಮತ್ತೆ ಬಂದಿದೆ, ಗಾಜಿನ ತುಂಬ ಒಂದೇ ಸಮ. ಮೊದಲ ಅರ್ಧ ಎಲ್ಲಿಗೆ ಮುಗಿಯುತ್ತಿತ್ತು ಎಂದು ಈಗ ನನಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಅಂದಾಜಿನಲ್ಲಿ ಅರ್ಧ ಉಜ್ಜುತ್ತೇನೆ, "ಉಳಿದರ್ಧ ಬಂದು ಉಜ್ಜುತ್ತೇನೆ" ಎಂದು ಮೀನುಗಳಿಗೆ ಕೇಳುವಂತೆ ಹೇಳಿ ಶಾಲೆಗೆ ಹೋಗುತ್ತೇನೆ. ಸಂಜೆ ಬಂದು, ಕೈಚೀಲ ಕೆಳಗಿಡುವ ಮೊದಲೇ ಉಜ್ಜುತ್ತೇನೆ. ಈ ಮನೆಯಲ್ಲಿ ಒಬ್ಬರಾದರೂ ಹೇಳಿದಂತೆ ವಾಪಸು ಬರಬೇಕಲ್ಲ.