ತೊಳೆಯಬಾರದ ಹರಳು

ಮನೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಮೀನು ಸಾಕಿದರೆ ನಗುವಂಥದ್ದು ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ನಾವೇನೂ ಮಾಡಬೇಕಾಗಿಲ್ಲ. ಮಂದಿ ಬಂದರೆ ಸಾಕು.

ಪೆಟ್ಟಿಗೆ ನನ್ನ ಹೆಂಡತಿಯದು. ಮಿರಜದ ಒಂದು ದವಾಖಾನೆಯಲ್ಲಿ ಅಂಥದ್ದು ನೋಡಿ ಬಂದಿದ್ದಳು. ದ್ರಾಕ್ಷಿ ಚೆನ್ನಾಗಿ ಬಂದ ವರ್ಷ ಕೊಡಿಸಿದೆ. ಈಗ ಆಕೆ ಇಲ್ಲ. ನಾನು ಹೆಚ್ಚು ಕಲಿತವನಲ್ಲ. ನೆನಪಾದಷ್ಟು ಬರೆಯುತ್ತೇನೆ.

೧. ಮೊರ

ಪೆಟ್ಟಿಗೆ ಮಾರಿದ ಅಂಗಡಿಯವನು ಮರಾಠಿಯಲ್ಲಿ ಹೇಳಿಕೊಟ್ಟ. ಪೆಟ್ಟಿಗೆಯ ತಳಕ್ಕೆ ತೂತಿನ ಪ್ಲಾಸ್ಟಿಕ್ ತಟ್ಟೆ. ಅದರ ಮೇಲೆ ಸಣ್ಣ ಹರಳುಕಲ್ಲು. ತಟ್ಟೆಯ ಮೂಲೆಗೆ ಒಂದು ಕೊಳವೆ. ಸಣ್ಣ ಮಷೀನು ಕೊಳವೆಯೊಳಗೆ ಹವಾ ಬಿಡುತ್ತದೆ. ಗುಳ್ಳೆ ಏರುವಾಗ ತಳದ ನೀರನ್ನೂ ಎಳೆದುಕೊಂಡು ಏರುತ್ತದೆ, ಮೇಲಿನ ನೀರು ಹರಳಿನೊಳಗೆ ಇಳಿಯುತ್ತದೆ. ಹೊಲಸು ಹರಳಿನಲ್ಲೇ ಉಳಿಯುತ್ತದೆ. ಹರಳಿಗೆ ಹತ್ತಿಕೊಂಡ, ಕಣ್ಣಿಗೆ ಕಾಣದ ಹುಳಗಳು ಅದನ್ನು ತಿನ್ನುತ್ತವೆ. ಹರಳೆಲ್ಲ ಒಮ್ಮೆಲೇ ತೊಳೆದರೆ ಆ ಹುಳ ಸಾಯುತ್ತವೆ. ಅವುಗಳ ಹಿಂದೆ ಮೀನೂ ಸಾಯುತ್ತವೆ.

ಕೃಷ್ಣಾ ದಂಡೆಯಿಂದ ಹರಳು ತಂದೆ. ಜೋಳದ ಚೀಲದಲ್ಲಿ ತಂದಿದ್ದರಿಂದ ನಾಲ್ಕು ಕಾಳೂ ಕೂಡಿದ್ದವು. ಹೆಂಡತಿ ಮೊರದಲ್ಲಿ ಹಾಕಿಕೊಂಡು ಕಟ್ಟೆಯ ಮೇಲೆ ಆರಿಸುತ್ತ ಕುಳಿತಳು. ಪಕ್ಕದ ಮನೆಯಾಕೆ ಬಂದಳು. ನಮ್ಮ ಕಡೆ ಮೊರ ಕಂಡರೆ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಬಂದಾಕೆಯೂ ಕುಳಿತು ಆರಿಸುತ್ತಾಳೆ. ಹೆಂಡತಿ ಚಹಾ ಮಾಡಲು ಒಳಗೆ ಹೋದಳು. ಪಕ್ಕದಾಕೆ ಹಾದಿಯಲ್ಲಿ ಹೋಗುವವರ ಜೋಡಿ ಹರಟೆ ಹೊಡೆಯುತ್ತಲೇ ಆರಿಸಿದಳು.

ಚಹಾ ಬರುವಷ್ಟರಲ್ಲಿ ಹರಳೆಲ್ಲ ಅಂಗಳದ ಪಾಲಾಗಿದ್ದವು. ಮೊರದಲ್ಲಿ ನಾಲ್ಕು ಕಾಳು.

"ಈ ಸಲ ನಿಮ್ಮ ಜೋಳ ಭಾಳ ಹೊಲಸ ಐತೆವ್ವಾ," ಅಂದಳು ಆಕೆ. "ಬೀಸಾಕ ಏನ ಒಯ್ತೀ?"

೨. ಕುದಿಯುವ ಪೆಟ್ಟಿಗೆ

ದಿಗ್ಗೇವಾಡಿಯಿಂದ ಹೆಂಡತಿಯ ಕಾಕಾ ಬಂದಿದ್ದರು. ಎಮ್ಮೆ ಕಟ್ಟಿಕೊಂಡು ಊರಲ್ಲೇ ಇದ್ದವರು. ಗುಳ್ಳೆ ಏಳುವುದನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಯವ್ವಾ, ಜೀವಂತ ಕುದಸಾಕತ್ತೀಯಲ್ಲ ಅವನ್ನ."

"ಕುದಿಯಾಕತ್ತಿಲ್ಲ ಕಾಕಾ, ಹವಾ ಅದು. ಕೈ ಹಾಕಿ ನೋಡ್ರಿ."

ಕಾಕಾ ಒಂದು ಬೆರಳು ಅದ್ದಿದರು. ತೆಗೆದರು. ಮತ್ತೆ ಅದ್ದಿದರು. ಆಮೇಲೆ ಮಷೀನಿನ ವೈರು ಗೋಡೆಯವರೆಗೆ ಎಲ್ಲಿ ಹೋಗಿದೆ ಎಂದು ನೋಡಿ ಬಂದರು. ನನ್ನನ್ನು ಬದಿಗೆ ಕರೆದರು.

"ಅಳಿಯಂದ್ರ, ಅಂಗಡಿಯವ ನಿಮಗ ಮೋಸ ಮಾಡ್ಯಾನ. ಇಷ್ಟ ಕುದ್ದರೂ ಬಿಸಿ ಆಗವಲ್ದು."

೩. ಹೊಳೆ

ಜಡ್ಡಿನಲ್ಲಿ ಹಾಸಿಗೆ ಹಿಡಿದ ಹೆಂಡತಿ ಪೆಟ್ಟಿಗೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. "ನಾ ಇಲ್ಲಂದ್ರೂ ಆ ಹರಳ ಯಾರಿಗೂ ತೊಳಿಯಾಕ ಕೊಡಬ್ಯಾಡ್ರಿ," ಅಂದಳು. ಹೂಂ ಅಂದೆ.

ಆಕೆ ಹೋದಳು. ಮನೆ ಶುದ್ಧ ಮಾಡುವ ದಿನ ಹಾರೂಗೇರಿಯಿಂದ ನನ್ನ ಅಕ್ಕ ಬಂದಿದ್ದಳು. ಸಾವಾದ ಮನೆಯಲ್ಲಿ ನಿಂತ ನೀರು ಇರಬಾರದು. ಕೊಡ, ಹಂಡೆ ಎಲ್ಲ ಚೆಲ್ಲಿಸಿ ಪೆಟ್ಟಿಗೆಯ ಮುಂದೆ ಬಕೆಟ್ ಹಿಡಿದು ನಿಂತಳು.

"ತಮ್ಮಾ, ಇದನ್ನೂ ಚೆಲ್ಲು. ಹರಳಿಗೆ ಸೋಪ ಹಚ್ಚಿ ತಿಕ್ಕತೀನಿ."

"ತಿಕ್ಕಿದ್ರ ಮೀನ ಸಾಯ್ತಾವಕ್ಕಾ."

"ಹೊಲಸಿನಾಗ ಬದಕತಾವ, ಸ್ವಚ್ಛ ಮಾಡಿದ್ರ ಸಾಯ್ತಾವ. ಎಂಥಾ ಮೀನ ಸಾಕ್ಯಾಳೋ ನಿನ್ನ ಹೆಂಡ್ತಿ."

ಕೊಳವೆಯ ಕಡೆ ಬೆರಳು ಮಾಡಿ ಹೇಳಿದೆ, "ಇದು ನಿಂತ ನೀರಲ್ಲ. ಹರಳಿನಾಗ ಇಳಿದು ಕೊಳವ್ಯಾಗ ಏರತೈತಿ. ಹರಿಯೂ ನೀರು. ಊರಾಗ ಯಾರರೆ ಸತ್ತರ ಕೃಷ್ಣಾ ಹೊಳಿ ಚೆಲ್ತಾರೇನು?"

ಅಕ್ಕ ಪೂಜೆಗೆ ಬಂದಿದ್ದ ಅಯ್ಯನವರ ಮುಖ ನೋಡಿದಳು. ಅಯ್ಯನವರು ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿದರು.

"ಹರೀತೈತಿ," ಅಂದರು. "ಹೊಳಿ ಲೆಕ್ಕಾನ."

ಅಕ್ಕ ಬಕೆಟ್ ಕೆಳಗಿಟ್ಟಳು. ಅಷ್ಟಕ್ಕೇ ಕರೆಂಟು ಹೋಯಿತು. ಗುಳ್ಳೆ ನಿಂತವು.

"ಹೊಳಿ ನಿಂತತಿ, ತಮ್ಮಾ," ಅಂದು ಅಕ್ಕ ಬಕೆಟ್ ಎತ್ತಿದಳು.

ಪಕ್ಕದ ಮನೆಯ ಸೈಕಲ್ ಪಂಪು ತಂದೆ. ಮಷೀನಿನಿಂದ ಹವಾದ ನಳಿಗೆಯನ್ನು ಬಿಡಿಸಿ ಪಂಪಿನ ಬಾಯಿಗೆ ಸಿಕ್ಕಿಸಿ ಮೆಲ್ಲಗೆ ಒತ್ತಿದೆ. ಗುಳ್ಳೆ ಎದ್ದವು. ಅಯ್ಯನವರು ತಲೆ ಆಡಿಸಿದರು. ನನ್ನ ಕೈ ಸೋತಾಗ ಪಕ್ಕದ ಮನೆಯವನು ಒತ್ತಿದ. ಅವನು ಬಿಟ್ಟಾಗ ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ಸರೀರಿ. ಗಂಡಸರಿಗೆ ನೀರ ಹರಿಸೂದೂ ಬರಂಗಿಲ್ಲ." ಕರೆಂಟು ಬರುವವರೆಗೆ ಆಕೆ ಪಂಪು ಬಿಡಲಿಲ್ಲ. ಹರಳು ಹಾಗೇ ಉಳಿದವು.

ಆದರೆ ಕರೆಂಟು ಬರುವ ಮುಂಚೆಯೇ ಐನಾಪುರದ ಹಿರಿಯ ಬೀಗರೊಬ್ಬರು ಸಾವಿನ ದುಃಖದಲ್ಲಿದ್ದ ನನ್ನನ್ನು ಮಾತಾಡಿಸಲು ಬಂದರು. ಬಾಗಿಲಲ್ಲೇ ನಿಂತರು. ಅಕ್ಕ ಬೆವರುತ್ತ ಪಂಪು ಒತ್ತುತ್ತಿದ್ದಾಳೆ. ಅಯ್ಯನವರು ಗಾಜಿನ ಮುಂದೆ ಬಾಗಿದ್ದಾರೆ. ಉಳಿದವರು ಉಸಿರು ಬಿಗಿಹಿಡಿದು ಮೀನು ನೋಡುತ್ತಿದ್ದಾರೆ. ಬೀಗರು ಟೊಪ್ಪಿಗೆ ತೆಗೆದು ನನ್ನ ಬಾಜೂ ಕುಳಿತರು.

"ಯಾವ ಮೀನ್ರಿ?" ಅಂದರು ಸಣ್ಣ ದನಿಯಲ್ಲಿ. "ಉಳೀತೈತೇನು?"

ಹೆಂಡತಿ ಹೋದ ಮೇಲೆ ನಾನು ನಕ್ಕಿರಲಿಲ್ಲ. ಆಗ ನಗು ತಡೆಯಲಾಗಲಿಲ್ಲ. ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಮೈ ಎಲ್ಲ ಕುಲುಕಿತು.

ಬೀಗರು ನನ್ನ ಬೆನ್ನು ಸವರಿದರು.

"ಅಳಬ್ಯಾಡ್ರಿ," ಅಂದರು. "ಇನ್ನೂ ಗುಳ್ಳಿ ಬರಾಕತ್ತಾವ."