ಸಾರಿನೊಳಗಿನ ಎಣ್ಣೆಹನಿ

ಬೆಂಡೆಕಾಯಿ ಪಲ್ಯ ತಿನ್ನುವ ಆಸೆ ಇದ್ದವರು ನಮ್ಮ ಭಾವನನ್ನು ಹೊಸಪೇಟೆ ಮಾರ್ಕೆಟ್ಟಿಗೆ ಕಳಿಸಬಾರದು. ಜನ ತುದಿ ಮುರಿದು ಎಳೆಯದೋ ಬಲಿತದ್ದೋ ನೋಡಿದರೆ, ಇವರು ಕಾಯಿ ಸೀಳಿ ಲೋಳೆಯನ್ನು ಬೆರಳಲ್ಲಿ ಎಳೆದೆಳೆದು ನೋಡುತ್ತಾರೆ. ಅಷ್ಟು ಹೊತ್ತು ನಾನು ಮಾಡಿದ್ದ ಚೌಕಾಶಿ ಮಣ್ಣುಪಾಲು.

“ಏನ್ರಿ ಸರ, ಕಾಯಿ ತಗೊಂತೀರೋ, ಮೂಗು ಒರಸ್ಕೊಂತೀರೋ?” ಎಂದಳು ಮಾರುವಾಕೆ.

“ಲೋಳಿ ಭಾಳ ಚಲೋ ಐತಿ,” ಎಂದರು ಭಾವ, ಭಕ್ತಿಯಿಂದ.

ನಾವು ಹೋಗಿದ್ದು ಅವ್ವನಿಗಾಗಿ. ಲಕ್ವ ಹೊಡೆದ ಮೇಲೆ ಅಕ್ಕನ ಮನೆ ಸೇರಿದ್ದ ಅವಳಿಗೆ ನೀರು ಕುಡಿದರೂ ನೆತ್ತಿಗೇರುತ್ತಿತ್ತು. ಎಲ್ಲವನ್ನೂ ಗಟ್ಟಿ ಮಾಡಿ ಕುಡಿಸಿ, ಇಲ್ಲವಾದರೆ ಮೂಗಿಗೆ ನಳಿಕೆ ಹಾಕಬೇಕಾದೀತು ಎಂದಿದ್ದರು ಡಾಕ್ಟರು. ಗಟ್ಟಿ ಮಾಡಿದ್ದನ್ನು ಅವ್ವ ಉಗುಳುತ್ತಿದ್ದಳು: “ಗ್ವಾಡಿಗೆ ಹಚ್ಚೋ ಅಂಟು!”

ಹಳೇ ಪೈಪು ಮಾರಿ ಸ್ವಂತ ಅಂಗಡಿ ಕಟ್ಟಿದವನು ನಾನು, ಸುಮ್ಮನಿರುತ್ತೇನೆಯೇ? “ಒಂದು ಚಮಚ ನುಂಗವ್ವ, ಹಂಪಿಗೆ ಕರ್ಕೊಂಡು ಹೋಗ್ತೀನಿ,” ಎಂದೆ.

“ಮೊದ್ಲು ಹಂಪಿ,” ಎಂದಳು ತೊದಲುತ್ತ. ನನಗೆ ವ್ಯಾಪಾರ ಕಲಿಸಿದವರು ಯಾರೆಂದು ತಿಳಿಯಿತಲ್ಲ?

ಭಾವ ನನ್ನ ಅಕ್ಕನ ಗಂಡ, ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಗಂಜಿ, ಲೋಳೆ, ಶಾಂಪೂ ಇವೆಲ್ಲ ಸುಮ್ಮನಿದ್ದರೆ ಗಟ್ಟಿ, ಕಲಕಿದರೆ ತೆಳು. ಇಂಥದರೊಳಗೆ ಒಂದು ಹನಿ ಹಾದುಹೋಗುವಾಗ ಸುತ್ತಲಿಂದ ಏನೇನು ಹೀರಿಕೊಳ್ಳುತ್ತದೆ ಎಂಬುದೇ ಅವರ ಸಂಶೋಧನೆ.

“ಹನಿ ಅಂದ್ರ ಸಂತಿಗೆ ಬಂದ ಗಿರಾಕಿ ಕಣಲೇ,” ಎನ್ನುತ್ತಾರೆ. “ಗದ್ದಲದಾಗ ನುಗ್ಗಿ ಹೊಂಟಾಗ ಅವನ ಚೀಲಕ್ಕ ಎಷ್ಟು ಬೀಳ್ತೈತಿ, ಅದು ನೋಡೋದು.”

“ಆ ಗಿರಾಕಿಯಿಂದ ನಮಗೇನ್ರಿ ಲಾಭ?”

ಭಾವ ಆಗಲೇ ನನ್ನ ಚಹಾದ ಕೆನೆಯನ್ನು ಚಮಚದಲ್ಲಿ ಕಲಕುತ್ತಿರುತ್ತಾರೆ.

ಒಮ್ಮೆ ಕಂಪ್ಲಿಯ ಮದುವೆಯೂಟದಲ್ಲಿ ಇದೇ ಕತೆ. ಗಟ್ಟಿ ಸಾರಿನಲ್ಲಿ ಎಣ್ಣೆಹನಿ ಖಾರದ ಬಣ್ಣ ಹೀರಿ ಕೆಂಪಾಗುವುದನ್ನು ನೋಡುತ್ತ ಕೂತುಬಿಟ್ಟರು. ಪಂಕ್ತಿ ಎದ್ದಿತು, ಇವರು ಏಳಲಿಲ್ಲ. ಬೀಗರ ಕಡೆಯ ಹಿರಿಯರು ಗಾಬರಿಯಾಗಿ ಬಂದರು.

“ಸಾರಿನಾಗ ಏನರ ಬಿದ್ದೈತೇನ್ರಿ?”

“ಇಲ್ರಿ, ಮ್ಯಾಲೆ ಬರಾಕತ್ತೈತಿ,” ಎಂದರು ಭಾವ.

ಎರಡನೇ ಪಂಕ್ತಿಗೆ ಸಾರೇ ಬಡಿಸಲಿಲ್ಲ. ನನ್ನ ಸಲಹೆ ಕೇಳಿ: ಇಂಥವರನ್ನು ಕಡೇ ಪಂಕ್ತಿಗೆ ಕೂಡಿಸಿ.

ಮಾರ್ಕೆಟ್ಟಿನಿಂದ ತಂದ ಬೆಂಡೆಕಾಯಿಯ ಲೋಳೆ ಬೆರೆಸಿ ಗಟ್ಟಿ ಮಾಡಿದ್ದನ್ನು ಅವ್ವ ನೋಡಿದೊಡನೆ ಬಾಯಿ ಮುಚ್ಚಿದಳು. ಭಾವ ಅಡುಗೆಮನೆ ಹೊಕ್ಕರು. “ಗಟ್ಟಿಯೊಳಗ ರುಚಿ ಸಿಕ್ಕಿಬಿದ್ದೈತಿ. ಎಣ್ಣಿ ಹನಿ ಅದನ್ನ ಹೊತ್ಕೊಂಡು ನಾಲಿಗಿಗೆ ತರಬೇಕು,” ಎಂದು ಗೊಣಗುತ್ತ ಸಾರಿಗೆ ಗಂಜಿ ಬೆರೆಸಿದರು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಕಡೆದರು, ಚೆಲ್ಲಿದರು, ಮತ್ತೆ ಮಾಡಿದರು. ಅಕ್ಕ ತನ್ನ ಅಡುಗೆಮನೆಯನ್ನು ಬಾಗಿಲಲ್ಲಿ ನಿಂತು ನೋಡಿ ಹಣೆ ಚಚ್ಚಿಕೊಂಡಳು. ಕೊನೆಗೆ ಒಂದು ಬಟ್ಟಲಿನ ಹದವನ್ನು ಡಾಕ್ಟರು ಚಮಚ ಓರೆ ಮಾಡಿ ನೋಡಿ ಒಪ್ಪಿದರು.

ನಮ್ಮ ಮನೆತನದಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಇಷ್ಟು ವರ್ಷವೂ ಅವ್ವ ಭಾವನನ್ನು ಕಂಡೊಡನೆ ಸೆರಗು ಮುಂದಕ್ಕೆಳೆದು, ಹೇಳುವುದನ್ನೆಲ್ಲ ಅಕ್ಕನ ಕೈಲೇ ಹೇಳಿಸುತ್ತಿದ್ದಳು. ಅವತ್ತು ಭಾವ ಮಂಚದ ಪಕ್ಕ ಕುಳಿತು, ತಾವೇ ಚಮಚ ಹಿಡಿದರು.

“ಅತ್ತಿ, ಒಂದೀಟು ನೋಡ್ರಿ.”

ಅವ್ವ ನುಂಗಿದಳು. ನಾವು ಕೆಮ್ಮಿಗೆ ಕಾದೆವು. ಕೆಮ್ಮು ಬರಲಿಲ್ಲ. ಮತ್ತೆ ಬಾಯಿ ತೆರೆದಳು. ಬಟ್ಟಲು ಬರಿದಾಗುವ ಹೊತ್ತಿಗೆ, ಅಕ್ಕನ ಕಡೆ ತಿರುಗದೆ, ಅಳಿಯನ ಮುಖವನ್ನೇ ನೋಡಿ ಹೇಳಿದಳು:

“ಉಪ್ಪು ಕಮ್ಮಿ ಐತಪ್ಪ.”

ಭಾವ ತಮ್ಮ ಟವೆಲ್ಲಿನಿಂದ ಅವಳ ಬಾಯಿ ಒರೆಸಿದರು. ಅವ್ವ ಸೆರಗಿಗೆ ಕೈ ಹಾಕಲಿಲ್ಲ.