ಬಾಗಿಲಿಗೆ ಬಂದ ದೆವ್ವಗಳು

ಬೇರೆಯವರ ಮನೆಯಲ್ಲಿ ಹ್ಯಾಲೋವೀನ್ ಒಂದು ಸಂಜೆಗೆ ಮುಗಿದುಹೋಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅದು ಏನಾದರೊಂದು ಎಡವಟ್ಟು ಮಾಡಿಟ್ಟೇ ಹೋಗುತ್ತದೆ. ವೇಷ ಹಾಕಿಕೊಂಡು, ಚೀಲ ಹಿಡಿದು, "ಟ್ರಿಕ್ ಆರ್ ಟ್ರೀಟ್" ಎನ್ನುತ್ತ ಮಿಠಾಯಿಗೆಂದು ಬರುವ ಮಕ್ಕಳಿಗೆ ಬಾಗಿಲು ತೆಗೆಯಬೇಕೋ ಬೇಡವೋ ಎನ್ನುವುದು ನ್ಯೂಯಾರ್ಕಿನ ಹತ್ತಿರದ ವುಡ್‌ಬ್ರಿಡ್ಜ್‌ನ ಈ ಮನೆಗೆ ಬಂದಾಗಿನಿಂದ ನಡೆದಿರುವ ಜಗಳ. ಈ ವರ್ಷ ಅದು ನಗುವ ವಿಷಯವಾಗಿರಲಿಲ್ಲ. ಮನೆಯಲ್ಲಿ ಬಸುರಿ ಸೊಸೆ ಇದ್ದಳು. ಹಿಂದೊಮ್ಮೆ ಆಸೆ ತೋರಿಸಿ ಅರ್ಧಕ್ಕೇ ಕೈಬಿಟ್ಟುಹೋದ ಭಾಗ್ಯ ಅದು.

ಮೊದಲಿನಿಂದ ಹೇಳುತ್ತೇನೆ. ನನಗೆ ಡೈರಿ ಬರೆಯುವ ಅಭ್ಯಾಸ ಇಲ್ಲದಿದ್ದರೆ ಇದರಲ್ಲಿ ಅರ್ಧ ನಡೆದೇ ಇಲ್ಲ ಎಂದು ನಮ್ಮ ಯಜಮಾನರು ವಾದಿಸುತ್ತಿದ್ದರು.

೧. ಕೋಡುಬಳೆ

ಈ ಮನೆಗೆ ಹೊಸದಾಗಿ ಬಂದ ವರ್ಷ. ಮಕ್ಕಳು ಬರುತ್ತಾರೆ, ತಿನ್ನಲು ಏನಾದರೂ ಕೊಡಬೇಕು ಎಂದಷ್ಟೇ ಗೊತ್ತಿತ್ತು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ ನನಗೆ ಆ ಬಣ್ಣ ಬಳಿದ ಸಕ್ಕರೆ ಗುಳಿಗೆಗಳನ್ನು ಮಕ್ಕಳ ಕೈಗೆ ಹಾಕಲು ಮನಸ್ಸಾಗಲಿಲ್ಲ. ಕೋಡುಬಳೆ ಕರಿದು, ಪುಟ್ಟ ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಹಂಚಿದೆ.

ಆಫೀಸಿನಿಂದ ಬಂದ ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು. "ಮನೇಲಿ ಮಾಡಿದ್ದನ್ನ ಗುರುತಿಲ್ಲದೋರು ಕೊಟ್ಟರೆ ಇಲ್ಲಿ ಯಾರೂ ಮಕ್ಕಳಿಗೆ ತಿನ್ನಿಸಲ್ಲ ಕಣೇ. ಯಾವುದಾದರೂ ಮಗುವಿಗೆ ಹೊಟ್ಟೆ ಕೆಟ್ಟರೆ ಕೋರ್ಟಿಗೆ ಎಳೆದು ಸ್ಯೂ ಮಾಡ್ತಾರೆ. ಮನೆ ಮಾರಬೇಕಾಗುತ್ತೆ!"

ಮರುದಿನ ಸಂಜೆ ಎದುರುಮನೆಯ ಹೆಂಗಸು ನೇರ ನಮ್ಮ ಬಾಗಿಲಿಗೇ ನಡೆದು ಬಂದಳು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಚೀಲ. ಕಿಟಕಿಯಿಂದ ನೋಡಿದ ಯಜಮಾನರು ಸದ್ದಿಲ್ಲದೆ ಮಹಡಿ ಹತ್ತಿದರು.

"ಇದನ್ನು ಕೊಟ್ಟದ್ದು ನೀವೇನಾ?"

"ಹೌದು" ಎಂದೆ.

"ಇದಕ್ಕೆ ಏನೇನು ಹಾಕಿದ್ದೀರಿ?"

ಅಕ್ಕಿಹಿಟ್ಟು, ತೆಂಗಿನಕಾಯಿ, ಖಾರದಪುಡಿ ಎಂದು ಪರೀಕ್ಷೆಯಲ್ಲಿ ವೈವಾ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಅವಳು ಎಲ್ಲ ಕೇಳಿಸಿಕೊಂಡು ನನ್ನ ಕೈ ಹಿಡಿದುಕೊಂಡಳು. "ಇನ್ನೊಂದಿಷ್ಟು ಇದೆಯಾ? ನಮ್ಮ ನಾಯಿಗೆ ತುಂಬಾ ಹಿಡಿಸಿದೆ. ಹ್ಯಾಲೋವೀನ್ ದಿನ ನಾಯಿಗಳನ್ನೂ ನೆನಪಿಟ್ಟುಕೊಂಡವರು ಈ ಬೀದಿಯಲ್ಲಿ ನೀವೊಬ್ಬರೇ!"

೨. ವೇಷ

ಅದಾದ ಮೇಲೆ ಒಂದು ನಿಯಮ ತಿಳಿಯಿತು. ಬಾಗಿಲ ದೀಪ ಉರಿಯುತ್ತಿದ್ದರೆ ಮಕ್ಕಳು ಬರಬಹುದು, ಆರಿದ್ದರೆ ಬರಬಾರದು. ಸರಿ, ಅಂದಿನಿಂದ ಪ್ರತಿ ವರ್ಷ ದೀಪ ಆರಿಸಿ ಕೂತೆವು. ಒಂದು ವರ್ಷ ಮಾತ್ರ ಹ್ಯಾಲೋವೀನೂ ದೀಪಾವಳಿಯೂ ಒಂದೇ ದಿನ ಬಂದುಬಿಟ್ಟವು.

"ದೀಪಾವಳಿ ದಿನ ಬಾಗಿಲು ಕತ್ತಲಾಗಿ ಇಡೋದೇನ್ರೀ?" ಎಂದೆ.

"ಹಚ್ಚು, ಹಚ್ಚು. ಲಕ್ಷ್ಮಿ ಬರೋ ಮುಂಚೆ ದೆವ್ವಗಳು ಬರ್ತವೆ."

ನಾನು ಹಟ ಹಿಡಿದು ಮೆಟ್ಟಿಲಿನುದ್ದಕ್ಕೂ ಹಣತೆ ಇಟ್ಟೆ. ಇಡೀ ಬೀದಿಯಲ್ಲಿ ನಮ್ಮ ಮನೆಯೇ ಜಗಜಗಿಸಿತು. ಮಂಗಳಾರತಿ ಅರ್ಧವಾಗಿತ್ತು, ಬೆಲ್ ಬಡಿದುಕೊಳ್ಳತೊಡಗಿತು. ಯಜಮಾನರು ಸಿಟ್ಟಿನಲ್ಲಿ ಇದ್ದ ಹಾಗೆಯೇ ಹೋಗಿ ಬಾಗಿಲು ತೆಗೆದರು: ಮಡಿ ಪಂಚೆ, ಬರಿಮೈ, ಹಣೆ, ಎದೆ, ತೋಳಿಗೆಲ್ಲ ಪಟ್ಟೆ ಪಟ್ಟೆ ವಿಭೂತಿ, ಕೈಯಲ್ಲಿ ಉರಿಯುವ ಆರತಿ.

ಮಕ್ಕಳೆಲ್ಲ ಗಕ್ಕನೆ ನಿಂತವು. ಯಾರಾದರೂ ಪೊಲೀಸರಿಗೆ ಫೋನ್ ಮಾಡಿಬಿಟ್ಟರೆ ಎಂದು ನಾನು ಹಿಂದಿನಿಂದ ದೇವರನ್ನು ನೆನೆಯುತ್ತಿದ್ದೆ. ರಟ್ಟಿನ ಕತ್ತಿ ಹಿಡಿದ ಹುಡುಗನೊಬ್ಬ ಧೈರ್ಯ ಮಾಡಿ ವೇಷ ಯಾವುದೆಂದು ಕೇಳಿದ: "ವಾಟ್ ಆರ್ ಯೂ?"

ಯಜಮಾನರು ಗುಡುಗಿದರು: "ರಿಟೈರ್ಡ್ ಎಂಜಿನಿಯರ್!"

ಹುಡುಗ ರಸ್ತೆ ಬದಿ ನಿಂತಿದ್ದ ಅಪ್ಪನ ಕಡೆಗೆ ಓಡಿದ. "ಡ್ಯಾಡ್, ನಾನು ಎಂಜಿನಿಯರ್ ಆಗಲ್ಲ!"

೩. ನಾಳೆ ಬಾ

ಇನ್ನು ಈ ವರ್ಷದ್ದು. ಸೊಸೆ ಧಾರವಾಡದವಳು, ಮನೆಯಿಂದಲೇ ಕೆಲಸ ಮಾಡುತ್ತಾಳೆ. ಎರಡು ವಾರ ಮೊದಲೇ ದೊಡ್ಡ ಮಿಠಾಯಿ ಚೀಲ ತಂದಿಟ್ಟಿದ್ದಳು. ನಾನು ಬಾಗಿಲು ತೆಗೆಯುವುದಿಲ್ಲ ಎಂದೆ.

"ಸಣ್ಣ ಹುಡುಗ್ರಿಗೆ ಯಾರರ ಅಂಜ್ತಾರೇನ್ರಿ ಅತ್ತಿ?"

"ಸ್ಮಶಾನದಿಂದ ಎದ್ದು ಬಂದ ಹಾಗೆ ಮುಖ ಮಾಡಿಕೊಂಡು ಬರ್ತಾರೆ. ನೀನು ಬೆಚ್ಚಿಬಿದ್ದರೆ?"

"ನೀವು ಓದಿದವರು, ಇದನ್ನೆಲ್ಲ ನಂಬ್ತೀರೇನ್ರಿ?"

"ನಂಬಲ್ಲ. ಆದರೆ ಈ ಸಲ ಬೇಡ."

ಅವಳ ಮುಖ ಸಣ್ಣದಾಯಿತು. "ಈ ಓಣ್ಯಾಗ ನನಗ ಒಬ್ಬರೂ ಗುರ್ತಿಲ್ರಿ. ನಾಳೆ ನನ್ನ ಕೂಸು ಆಡೋದು ಇವರ ಮಕ್ಕಳ ಜೋಡಿನೇ ಅಲ್ಲೇನ್ರಿ?" ಎಂದು ಚೀಲ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಮಗನನ್ನು ಕೇಳೋಣವೆಂದರೆ, ನ್ಯೂಯಾರ್ಕಿನಿಂದ ಬರುವ ಅವನ ಟ್ರೈನ್ ಆ ವಾರವೆಲ್ಲ ಲೇಟು. ಹೆಂಡತಿಗೂ ಅಮ್ಮನಿಗೂ ಮಾತು ನಿಂತಾಗಲೆಲ್ಲ ಆ ಟ್ರೈನ್ ಲೇಟೇ.

ದೀಪ ಆರಿಸಿದರೂ ನನಗೆ ಧೈರ್ಯ ಸಾಲಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದುದು ನೆನಪಾಯಿತು. ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಬಡಪಾಯಿಗೆ ಮುಗಿಯುವುದೇ ಇಲ್ಲ. ಅದನ್ನೇ ಬರೆದು ಅಂಟಿಸಲು ಹೊರಟೆ.

"ಇಲ್ಲಿನ ದೆವ್ವಗಳಿಗೆ ಕನ್ನಡ ಬರುತ್ತೇನೇ?" ಎಂದರು ಯಜಮಾನರು.

ಹೌದಲ್ಲ ಎನಿಸಿ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ಬರೆದು ಬಾಗಿಲಿಗೆ ಅಂಟಿಸಿದೆ: ದಯವಿಟ್ಟು ನಾಳೆ ಬನ್ನಿ, ಧನ್ಯವಾದ. ಓದಿದವರ ಮನೆ, ಮರ್ಯಾದೆ ಇಲ್ಲದೆ ಬರೆದರೆ ಚೆನ್ನಾಗಿರುವುದಿಲ್ಲ.

ಸಂಜೆಯೆಲ್ಲ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತೆವು. ಹೆಜ್ಜೆ ಸದ್ದು ಬರುವುದು, ಬಾಗಿಲ ಮುಂದೆ ನಿಲ್ಲುವುದು, ಕಾಗದದ ಮೇಲೆ ಟಾರ್ಚ್ ಬಿಡುವುದು, ಏನೋ ಗುಸುಗುಸು, ಮತ್ತೆ ದೂರವಾಗುವುದು. ಒಂದು ಸಲವೂ ಬೆಲ್ ಆಗಲಿಲ್ಲ. ಸೊಸೆ ಊಟಕ್ಕೂ ಬರಲಿಲ್ಲ. ಗೆದ್ದವಳು ನಾನು, ಅನ್ನ ಇಳಿಯದಿದ್ದುದೂ ನನಗೇ.

೪. ಮರುದಿನ

ಮರುದಿನ ಸಂಜೆ ತಲೆಗೆ ಹರಳೆಣ್ಣೆ ತಿಕ್ಕಿ ಕೂದಲು ಬಿಟ್ಟುಕೊಂಡು ಕೂತಿದ್ದೆ. ಬೆಲ್ ಆಯಿತು. ಕಿಟಕಿಯಿಂದ ಇಣುಕಿದ ಯಜಮಾನರು ಪರದೆ ಬಿಟ್ಟು ಹಿಂದೆ ಸರಿದರು. "ಲೇ, ನೀನು ಕರೆದಿದ್ದೆಯಲ್ಲ, ಎಲ್ಲ ಬಂದಿದಾವೆ."

ಬೀದಿಗೆ ಬೀದಿಯೇ ಬಂದಿತ್ತು, ವೇಷ ಸಮೇತ, ಅಪ್ಪ ಅಮ್ಮಂದಿರ ಸಮೇತ. ನಮ್ಮ ಕಡೆಯ ದೆವ್ವಗಳಿಗೆ ನಾಳೆ ಎಂದರೆ ಎಂದೂ ಬರದ ನಾಳೆ. ಇವಕ್ಕೆ ಅಪಾಯಿಂಟ್‌ಮೆಂಟ್!

ಸೊಸೆ ಮಿಠಾಯಿ ಚೀಲ ಹಿಡಿದು ಕೋಣೆಯಿಂದ ಬಂದೇಬಿಟ್ಟಳು. "ನೀನು ಅಲ್ಲೇ ಇರು! ನಾನೇ ಕಳಿಸ್ತೀನಿ" ಎಂದು ಕೂಗಿ, ನುಗ್ಗಿ, ಬಾಗಿಲು ದಡಾರನೆ ತೆಗೆದೆ.

ಎದುರಿಗೆ ನನ್ನ ಮೊಣಕಾಲೆತ್ತರದ ದೆವ್ವ. ಬಿಳಿ ಬಟ್ಟೆ, ಕಣ್ಣಿಗೆರಡು ತೂತು. ಅದು ತಲೆ ಎತ್ತಿ ನನ್ನ ಕೆದರಿದ ಕೂದಲು ನೋಡಿತು, ಮುಖ ನೋಡಿತು, ಕಿಟಾರನೆ ಕಿರುಚಿ, ತನ್ನ ಬಟ್ಟೆಯನ್ನೇ ತುಳಿದು ಕುಕ್ಕರಿಸಿ ಬಿದ್ದು, ಹೋ ಎಂದು ಅಳತೊಡಗಿತು.

ಸೊಸೆ ನನ್ನನ್ನು ಪಕ್ಕಕ್ಕೆ ಸರಿಸಿ, ಆ ಹೊಟ್ಟೆ ಹೊತ್ತುಕೊಂಡೇ ಮೆಟ್ಟಿಲ ಮೇಲೆ ಕೂತಳು. ಅವಳು ದೆವ್ವದ ಬಟ್ಟೆ ಎತ್ತಿದಳು. ಒಳಗೆ ಗುಂಗುರು ಕೂದಲು, ಸುರಿಯುವ ಮೂಗು. ಅದರ ಅಮ್ಮನೂ ಬಂದು ಪಕ್ಕದಲ್ಲಿ ಕೂತು, "ಹೆರಿಗೆ ಯಾವಾಗ?" ಎಂದು ಮಾತಿಗೆ ತೊಡಗಿದಳು. ಸೊಸೆ ನಗತೊಡಗಿದಳು, ಎಷ್ಟೋ ದಿನದ ಮೇಲೆ.

"ಅತ್ತಿ, ನಿಮ್ಮನ್ನ ನೋಡಿ ದೆವ್ವಾನೇ ಅಂಜಿತಲ್ರೀ!" ಆಮೇಲೆ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಜೋರಾಗಿ ಒಂದು ಒದೆ. ಇನ್ನೊಂದು.

ನಾನು ಅಡುಗೆಮನೆಗೆ ಓಡಿದೆ. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ಅವಳಿಗೆ ದೃಷ್ಟಿ ತೆಗೆದೆ. ಸೊಸೆಯ ತೊಡೆಯ ಮೇಲೆ ಬಿಕ್ಕುತ್ತ ಕೂತಿದ್ದ ಆ ಪುಟ್ಟದು ಎಷ್ಟು ಮುದ್ದಾಗಿತ್ತೆಂದರೆ, ಅದಕ್ಕೂ ನಿವಾಳಿಸಿದೆ.

"ಲೇ, ದೆವ್ವಕ್ಕೇ ದೃಷ್ಟಿ ತೆಗೀತಿದೀಯಲ್ಲೇ!" ಎಂದರು ಯಜಮಾನರು.

ಆ ದೆವ್ವ ತನ್ನ ಮುಖದ ಸುತ್ತ ಸುತ್ತುತ್ತಿದ್ದ ನನ್ನ ಮುಷ್ಟಿಯನ್ನೇ ನೋಡಿತು. ಅಳು ನಿಲ್ಲಿಸಿತು. ತೋಳಿನಿಂದ ಮೂಗು ಒರೆಸಿಕೊಂಡು, ಮುಷ್ಟಿಯ ಕೆಳಗೆ ಸರಿಯಾಗಿ ತನ್ನ ಚೀಲ ಅಗಲಿಸಿ ಹಿಡಿದು ಹೇಳಿತು:

"ಟ್ರಿಕ್ ಆರ್ ಟ್ರೀಟ್!"